ಚಮಚದ ಹೊಳಪು

ಕಿರುಬೆರಳಿನ ಬುಡಕ್ಕೆ ದಾರ ಬಿಗಿದು, ಬಲಗೈಯನ್ನು ಕ್ಯಾಮೆರಾದ ಕೆಳಗೆ ಚಾಚಿ, ಅವಳು ಎಡಗೈಯಿಂದ ಗುಂಡಿ ಒತ್ತಿದಳು. ಪರದೆಯ ಮೇಲೆ ಕೈ ನಿಧಾನವಾಗಿ ತೇಲಿ ಬಂತು. ರಕ್ತ ನಿಂತ ಬೆರಳು ನೀಲಿಯಾಗಿ ಕಾಣಬೇಕಿತ್ತು. ಆದರೆ ಐದು ಬೆರಳುಗಳ ಮೇಲೂ ಕೆಂಪು, ನೀಲಿ ಚುಕ್ಕೆಗಳು ಮರಳು ಎರಚಿದಂತೆ ಹರಡಿದ್ದವು. ದಾರ ಕಟ್ಟಿದ್ದು ಯಾವ ಬೆರಳಿಗೆಂದು ಪರದೆ ನೋಡಿದರೆ ಅವಳಿಗೇ ಗೊತ್ತಾಗುತ್ತಿರಲಿಲ್ಲ.

"ಜರಡಿ ಸರ್, ಸ್ವಲ್ಪ ಬನ್ನಿ."

ಎದುರಿಗೇ ಆ ಅಡ್ಡಹೆಸರಿನಿಂದ ಕರೆಯುವ ಸಲಿಗೆ ಇಡೀ ಪ್ರಯೋಗಾಲಯದಲ್ಲಿ ಅವಳೊಬ್ಬಳಿಗಿತ್ತು. ಸಾವಿರಾರು ತೂತುಗಳ ತಗಡನ್ನು ಲೆನ್ಸಿನ ಹಿಂದೆ ಕೂರಿಸಿ ಈ ಕ್ಯಾಮೆರಾ ಕಟ್ಟಿದವರು ಅವರು. ಹಳೆಯ ಕ್ಯಾಮೆರಾ ಒಂದೇ ಸೀಳಿನಿಂದ ಗೆರೆಗೆರೆಯಾಗಿ ನೋಡುತ್ತಿತ್ತು. ಅದು ನೋಡಿ ಮುಗಿಸುವಷ್ಟರಲ್ಲಿ ರೋಗಿ ಉಸಿರಾಡಿ ಅಲುಗಿರುತ್ತಿದ್ದ. ಇದು ಎಲ್ಲ ತೂತುಗಳಿಂದಲೂ ಬೆಳಕನ್ನು ಒಟ್ಟಿಗೆ ಬಾಚಿಕೊಂಡು, ಆಮೇಲೆ ಲೆಕ್ಕ ಹಾಕಿ ಬಣ್ಣ ಬಿಡಿಸುತ್ತಿತ್ತು. ಹತ್ತೊಂಬತ್ತು ವರ್ಷದ ಕೆಲಸ. ಇವತ್ತು ಅವಳು ಪರೀಕ್ಷೆಯ ಪುಸ್ತಕದಲ್ಲಿ ಒಪ್ಪಿಗೆ ಬರೆದರೆ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುತ್ತದೆ. ರಕ್ತ ಹರಿಯದ ಜಾಗ ಯಾವುದೆಂದು ವೈದ್ಯರು ಇದನ್ನೇ ನಂಬಿ ಕತ್ತರಿಸುತ್ತಾರೆ.

ಸರ್ ಕನ್ನಡಕ ಏರಿಸಿಕೊಂಡು ಬಗ್ಗಿದರು. "ದಾರ ಸಡಿಲ ಆಗಿದೆಯೇನಮ್ಮಾ?"

"ಇಲ್ಲ ಸರ್, ಬೆರಳು ಜುಮ್ ಅಂತಿದೆ. ಆ ಚಮಚ ಇಟ್ಮೇಲೇ ಹೀಗಾಗಿದ್ದು."

ಕೈಯ ಪಕ್ಕ ಟೀ ಕದಡಿದ ಸ್ಟೀಲ್ ಚಮಚವಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಕೋರೈಸುತ್ತಿತ್ತು. ಎಲ್ಲರ ಮಾತನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ಕಡೆ ಒಬ್ಬ ಬಾಯಿಬಡುಕ ಸೇರಿಕೊಂಡರೆ ಮೆಲ್ಲಗೆ ಮಾತಾಡುವವರ ಗತಿ ಏನಾಗುತ್ತದೋ, ಬೆರಳುಗಳ ಮಂದ ಬೆಳಕಿಗೂ ಅದೇ ಆಗಿತ್ತು.

"ನಾವು ಯಾವತ್ತೂ ಬಿಳಿ ಹಾಳೆ ಇಟ್ಟೇ ಪರೀಕ್ಷೆ ಮಾಡಿದ್ವಿ. ಹಾಳೆ ಹೊಳೆಯಲ್ಲ. ಆಪರೇಷನ್ ಕೋಣೇಲಿ ಕತ್ತರಿ, ಚಿಮಟ, ಎಲ್ಲಾ ಹೊಳೆಯೋದೇ ಸರ್..."

ಸರ್ ಚಮಚಕ್ಕೆ ಅಂಗೈ ಅಡ್ಡ ಹಿಡಿದರು. ಚುಕ್ಕೆಗಳು ತಿಳಿಯಾದವು, ನೀರಿನ ತಳದಿಂದ ಎದ್ದು ಬಂದಂತೆ ಕಿರುಬೆರಳು ನೀಲಿಯಾಯಿತು. ಕೈ ತೆಗೆದರು. ಬೆರಳು ಮುಳುಗಿತು. ಮತ್ತೆ ಹಿಡಿದರು, ಮತ್ತೆ ತೆಗೆದರು. ಮಗು ದೀಪದ ಗುಂಡಿ ಒತ್ತಿ ಆಡುವಂತಿತ್ತು. ಅವಳಿಗೆ ನೋಡಲಾಗಲಿಲ್ಲ.

"ಪುಸ್ತಕದಲ್ಲಿ ಬರಿ," ಎಂದರು.

"ಕೈ ಇಲ್ಲಿ ಸಿಕ್ಕಿಹಾಕಿಕೊಂಡಿದೆಯಲ್ಲ ಸರ್." ತೆಗೆಯಬಹುದಿತ್ತು, ಅದನ್ನು ಬರೆಯಲು ಮನಸ್ಸು ಬರಲಿಲ್ಲ.

"ಒಳ್ಳೇ ನೆಪ ಕಣಮ್ಮಾ," ಎಂದು ನಕ್ಕು ಅವರೇ ಪುಸ್ತಕ ಎಳೆದುಕೊಂಡರು. "ಹೊಳೆಯುವ ವಸ್ತು ಪಕ್ಕದಲ್ಲಿದ್ದರೆ ಇದನ್ನು ನಂಬಬಾರದು," ಎಂದು ದುಂಡಗೆ ಬರೆಯತೊಡಗಿದರು.

ಬಗ್ಗಿದ ಅವರ ಹೆಗಲಿನ ನೆರಳು ಚಮಚದ ಮೇಲೆ ಬಿದ್ದಿತ್ತು. ಅವರ ಬೆನ್ನ ಹಿಂದಿನ ಪರದೆಯಲ್ಲಿ ಕಿರುಬೆರಳು ತಿಳಿನೀಲಿಯಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು.