ಕೊಡದ ಕೈ

ಮರೈಕೆಗೆ ಬಗ್ಗುವುದು ಸುಲಭವಾಗಿರಲಿಲ್ಲ. ಮುರಿದು ಕೂಡಿದ ಎಡಗಾಲನ್ನು ಹಿಂದಕ್ಕೆ ಚಾಚಿ, ಉಸಿರು ಬಿಗಿಹಿಡಿದು, ಸೋಫಾದಲ್ಲಿ ಕೂತಿದ್ದ ರೆಫಿಕಾಳ ಮಟ್ಟಕ್ಕೆ ತನ್ನ ಎತ್ತರದ ಮೈಯನ್ನು ಹೇಗೋ ಇಳಿಸಿ, ಅವಳ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ತುಟಿ ಇನ್ನೇನು ತಾಕಬೇಕು, ರೆಫಿಕಾ ಕೈ ಎಳೆದುಕೊಂಡಳು. ಎಳೆದುಕೊಂಡು ಮಡಿಲಲ್ಲಿಟ್ಟು, ಅದರ ಮೇಲೆ ಎಡಗೈ ಮುಚ್ಚಿದಳು.

ಕೋಣೆಯಲ್ಲಿದ್ದ ಹೆಂಗಸರೆಲ್ಲ ನೋಡಿದರು. ರಂಜಾನ್ ಹಬ್ಬದ ಬೆಳಿಗ್ಗೆ ಕಿರಿಯಳೊಬ್ಬಳು ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳಲು ಬಂದಾಗ ಹಿರಿಯಳು ಕೈ ಕೊಡದಿದ್ದರೆ ಅದರ ಅರ್ಥವೇನೆಂದು ಕರಾಮಾನ್ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಮಾತು ಬಿಟ್ಟವರೂ ಈ ಒಂದು ದಿನ ಕೈ ಚಾಚುತ್ತಾರೆ. ಅದರಲ್ಲೂ ಇದು ಸತ್ತವನ ಮನೆ. ರೆಫಿಕಾಳ ತಮ್ಮ ವೆದಾತ್ ತೀರಿಕೊಂಡ ಮೇಲೆ ಬಂದ ಮೊದಲ ಹಬ್ಬ. ಬಗ್ಗಿ ನಿಂತವಳು ಅವನ ಹೆಂಡತಿ.

ಆದರೆ ಮರೈಕೆಯ ಮುಖ ಬಾಡಲಿಲ್ಲ. ಅರಳಿತು. ನೀಲಿ ಕಣ್ಣುಗಳಲ್ಲಿ ನೀರಾಡಿತು. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ತಲೆಬಾಗಿದಳು. "ಹಬ್ಬ... ಒಳ್ಳೆಯದಾಗಲಿ, ಅಕ್ಕಾ," ಎಂದು ಒಂದೊಂದೇ ಪದವನ್ನು ಹೆಕ್ಕಿ ಹೇಳಿದಳು.

ಪಕ್ಕದಲ್ಲಿದ್ದವರು ನಾಜಿಯೆ ಅತ್ತೆ. ಅವರು ತಾವಾಗಿಯೇ ಕೈ ಮುಂದೆ ಮಾಡಿದರು. "ಬಾ ಮಗಾ, ನನ್ನದು ತಗೋ. ನಂಗೆ ವಯಸ್ಸಾಯ್ತು, ಯಾರ ಮೇಲೆ ಯಾತಕ್ಕೆ ಸಿಟ್ಟು ಅಂತ ಬೆಳಗಾಗೋದ್ರಲ್ಲಿ ಮರ್ತೇ ಹೋಗುತ್ತೆ."

ಉಳಿದವರೂ ಕೈ ಕೊಟ್ಟರು, ಹಸಿ ಹಿಟ್ಟನ್ನು ಮುಟ್ಟಿ ನೋಡುವವರ ಹಾಗೆ ಬೆರಳ ತುದಿಯನ್ನಷ್ಟೇ. ಮನೆಯ ಯಜಮಾನಿಯ ಮನಸ್ಸು ಎತ್ತ ಇದೆಯೆಂದು ಅವರಿಗೆ ತಿಳಿದುಹೋಗಿತ್ತು.

ರೆಫಿಕಾ ಎದ್ದು ಅಡುಗೆಮನೆಗೆ ಹೋದಳು. ಕಾಫಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಇಷ್ಟು ವರ್ಷ ಕಾದ ಗಳಿಗೆ ಇದು. ಓದಿಸಿ, ಉಣಿಸಿ, ತಾಯಿಯಂತೆ ಬೆಳೆಸಿದ ತಮ್ಮ ಹಾಲೆಂಡಿಗೆ ಹೋಗಿ ಇವಳನ್ನು ಕಟ್ಟಿಕೊಂಡ. 'ನನ್ನ ಜೀವ ಇರೋವರೆಗೂ ಅವಳು ಈ ಹೊಸಿಲು ದಾಟಬಾರದು' ಎಂದಿದ್ದಳು ಅಮ್ಮ. ಅಮ್ಮ ಹೋದಳು, ಅವಳ ಆಣೆಯನ್ನು ರೆಫಿಕಾ ಇಟ್ಟುಕೊಂಡಳು. ವೆದಾತ್ ಬೇಸಿಗೆಗೆ ಒಬ್ಬನೇ ಬಂದು ಒಬ್ಬನೇ ಹೋಗುತ್ತಿದ್ದ. ಕೊನೆಗೆ ವಿಮಾನದಲ್ಲಿ ಪೆಟ್ಟಿಗೆಯೊಳಗೆ ಬಂದ. ಅವಳು ಮಣ್ಣಿಗೂ ಬರಲಿಲ್ಲ. ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾಳಂತೆ ಎಂದರು. ಬರಬೇಕೆನ್ನುವವಳು ತೆವಳಿಕೊಂಡಾದರೂ ಬರುತ್ತಿದ್ದಳು ಎಂದು ರೆಫಿಕಾ ಅಂದು ಎಲ್ಲರೆದುರು ಅಂದಿದ್ದಳು. ಇಂದು ಆ ಕಾಲು ಹಿಂದಕ್ಕೆ ಚಾಚುವಾಗ ಮಂಡಿ ಅದುರಿದ್ದನ್ನು ಅವಳು ಹತ್ತಿರದಿಂದ ಕಂಡಿದ್ದಳು.

ಚಿಕ್ಕಪ್ಪನ ಮಗಳು ಮೆಲಾಹತ್ ಹಿಂದೆಯೇ ಬಂದಳು. "ಸರಿಯಾಗಿ ಮಾಡ್ದೆ ನೋಡಕ್ಕ! ನಂಗಂತೂ ಎದೆ ತಣ್ಣಗಾಯ್ತು. ಮುತ್ತಿಡೋದನ್ನ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ಕೊಂಡು ಬಂದಿರ್ಬೇಕು. ನಾಟಕ!"

"ಬಾಯ್ಮುಚ್ಚೇ. ಕೇಳ್ಸುತ್ತೆ."

"ಕೇಳಿದ್ರೇನು ಅರ್ಥ ಆಗುತ್ತಾ? ನೀನು ಮುಖದ ಮೇಲೆ ಹೊಡೆದ ಹಾಗೆ ಮಾಡಿದ್ದೇ ಅರ್ಥ ಆಗ್ಲಿಲ್ಲ. ಹಲ್ಲು ಕಿರೀತಾ ನಿಂತಿದ್ಲು ಪಾಪ."

ಆ 'ಪಾಪ' ರೆಫಿಕಾಳಿಗೆ ಚುಚ್ಚಿತು. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಮೆಲಾಹತ್ ಒಂದು ತಟ್ಟೆ ಬಾದಾಮಿ ಸಿಹಿ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಅವಳಿಗೆ ಎದುರಾದವಳು ಮರೈಕೆ. ಕೈಯಲ್ಲಿ ಖಾಲಿ ನೀರಿನ ಲೋಟಗಳು. ಕುಂಟುತ್ತ, ಒಂದಕ್ಕೊಂದು ತಾಕದಂತೆ ಹಿಡಿದು ತಂದಿದ್ದಳು.

"ನೀನ್ಯಾಕೆ ತಂದೆ? ಅಲ್ಲಿಡು," ಎಂದಳು ರೆಫಿಕಾ, ತಿರುಗಿ ನೋಡದೆ.

ಮರೈಕೆ ಇಟ್ಟಳು. ಹೋಗಲಿಲ್ಲ. "ಅಕ್ಕಾ, ನನ್ನ ಮಾತು ಕೆಟ್ಟದು. ತಪ್ಪು ಬಂದ್ರೆ ಕ್ಷಮಿಸಿ. ಒಂದು ಹೇಳ್ಬೇಕು."

ಕೈ ಯಾಕೆ ಎಳೆದುಕೊಂಡೆ ಎಂದು ಈಗ ಕೇಳುತ್ತಾಳೆ ಎಂದುಕೊಂಡಳು ರೆಫಿಕಾ. ಕೇಳಲಿ. ಉತ್ತರ ಸಿದ್ಧವಾಗಿತ್ತು, ಎಷ್ಟೋ ವರ್ಷಗಳಿಂದ ಸಿದ್ಧವಾಗಿತ್ತು.

"ವೆದಾತ್ ಹೇಳಿದ್ದ," ಮರೈಕೆ ಶುರುಮಾಡಿದಳು. "ಅಲ್ಲಿ ಎಲ್ಲಾರೂ ಕೈ ಕೊಡ್ತಾರೆ, ಅಕ್ಕ ಮಾತ್ರ ಕೊಡಲ್ಲ ಅಂತ. ನೀನು ಬಗ್ಗಿದ ಕೂಡ್ಲೆ ಎಳ್ಕೋತಾಳೆ ಅಂತ. ಯಾಕೆ ಅಂದ್ರೆ ಅಕ್ಕ ತಾನು ದೊಡ್ಡವಳು ಅಂತ ಅಂದ್ಕೊಳ್ಳಲ್ಲ. ನೀನೂ ಅವಳೂ ಒಂದೇ ಅಂತ. ನಮ್ಮಪ್ಪಾನೂ ಹಾಗೇ ಇದ್ದ ಅಂತ." ಅವಳು ನಕ್ಕಳು; ನಗುವಿನ ಜೊತೆಗೇ ಮೂಗು ಒರೆಸಿಕೊಂಡಳು. "ನಾನು ನಂಬ್ಲಿಲ್ಲ. ಇವತ್ತು ನೋಡಿದೆ. ನಿಜ."

ರೆಫಿಕಾ ಒಲೆ ಆರಿಸಿದಳು. ಅಪ್ಪ ಹಾಗೆಯೇ ಇದ್ದ, ಸುಳ್ಳಲ್ಲ. ಯಾರೇ ಮುತ್ತಿಡಲು ಬಂದರೂ ನಾಚಿ ಕೈ ಹಿಂದೆ ತೆಗೆದುಕೊಂಡು, 'ನಾನ್ಯಾವ ದೊಡ್ಡ ಮನುಷ್ಯ ಬಿಡಪ್ಪಾ' ಎನ್ನುತ್ತಿದ್ದ. ವೆದಾತ್ ಅಪ್ಪನ ಕೈಯನ್ನು ಅಕ್ಕನಿಗೆ ತೊಡಿಸಿದ್ದ. ಅಕ್ಕ ಒಂದು ದಿನ ಹೀಗೆ ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ತಾನು ಪಕ್ಕದಲ್ಲಿ ಇರಲಾರದ ದಿನಕ್ಕೂ ಹೆಂಡತಿಗೆ ನೋವಾಗದ ಹಾಗೆ ಮೊದಲೇ ಏರ್ಪಾಡು ಮಾಡಿಟ್ಟಿದ್ದ.

"ಇನ್ನೊಂದು," ಎಂದಳು ಮರೈಕೆ. "ಪ್ರತಿ ಹಬ್ಬ ಫೋನಲ್ಲಿ ನೀವು ಹೇಳ್ತಿದ್ರಲ್ಲ. ಅದಕ್ಕೆ ನಾನು ಯಾವತ್ತೂ ನಿಮಗೆ ಥ್ಯಾಂಕ್ಸ್ ಹೇಳ್ಲಿಲ್ಲ."

"ನಾನೇನು ಹೇಳ್ತಿದ್ದೆ?"

"ಕಣ್ಣಿಗೆ ಮುತ್ತು. ಫೋನ್ ಇಟ್ಟು ಅವನು ಹೇಳೋನು, ಅಕ್ಕ ನಿನ್ನ ಕಣ್ಣಿಗೆ ಮುತ್ತು ಕಳ್ಸಿದ್ದಾಳೆ. ಆಮೇಲೆ ಅವನೇ ಕೊಡೋನು. ಇಲ್ಲಿ. ಮತ್ತೆ ಇಲ್ಲಿ." ಒಂದಾದ ಮೇಲೊಂದು ರೆಪ್ಪೆಯ ಮೇಲೆ ಬೆರಳಿಟ್ಟು ತೋರಿಸಿದಳು.

ರೆಫಿಕಾಳಿಗೆ ಆ ಫೋನುಗಳು ನೆನಪಾದವು. 'ಅಕ್ಕಾ, ಮರೈಕೆ ಇಲ್ಲೇ ಇದ್ದಾಳೆ, ಏನಾದ್ರೂ ಹೇಳ್ಲಾ?' ಎಂದು ಪ್ರತಿ ಸಲವೂ ಕೇಳುತ್ತಿದ್ದ. 'ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು' ಎಂದು ಇವಳು ಫೋನ್ ಇಡುತ್ತಿದ್ದಳು. 'ಕಣ್ಣಿಗೆ ಮುತ್ತು' ಎಂಬುದು ಕಿರಿಯರಿಗೆ ಹಿರಿಯರು ಕಳಿಸುವ ಒಂದು ಸಾಲು. ಅಂಗಡಿಯವನ ಮಗಳಿಗೂ, ಎಂದೂ ಕಾಣದ ದೂರದ ನೆಂಟರಿಗೂ ಯೋಚಿಸದೆ ಹೇಳುತ್ತಿದ್ದ ಸಾಲು. ಇವಳೊಬ್ಬಳಿಗೆ ಮಾತ್ರ ಒಂದು ಸಲವೂ ಹೇಳಿರಲಿಲ್ಲ.

"ನಾನು..." ಎಂದಳು. ಸುಳ್ಳು ಅದು, ನಾನು ಹೇಳಿಲ್ಲ, ಇವತ್ತು ಕೈ ಎಳೆದುಕೊಂಡದ್ದೂ ಅದಕ್ಕಲ್ಲ. ಹೇಳಿಬಿಡೋಣ ಎಂದುಕೊಂಡಳು. ಹೇಳಿದರೆ ತನ್ನ ಎದೆ ಹಗುರಾಗುತ್ತದೆ. ಎದುರಿಗಿರುವವಳಿಗೆ ಗಂಡ ಬಿಟ್ಟುಹೋದದ್ದು ಇಷ್ಟೇ, ಅದೂ ಹೋಗುತ್ತದೆ. "ನಾನು ಕಾಫಿಗೆ ಸಕ್ಕರೆ ಹಾಕ್ಲಾ ಅಂತ ಕೇಳ್ಲಿಲ್ಲ ನಿನ್ನ," ಎಂದಳು ಕೊನೆಗೆ.

"ಸ್ವಲ್ಪ," ಎಂದಳು ಮರೈಕೆ, ಸಂತೋಷದಿಂದ.

ಕಾಫಿ ಮುಗಿಯಿತು. ಸತ್ತವನಿಗಾಗಿ ಎಲ್ಲರೂ ಅಂಗೈ ಮೇಲೆತ್ತಿ ಪ್ರಾರ್ಥಿಸಿದರು. ಮರೈಕೆಯೂ ಎತ್ತಿದಳು. ಅವಳ ತುಟಿ ಅಲುಗಲಿಲ್ಲ. ಕೈಯನ್ನು ಮಾತ್ರ ಉಳಿದವರು ಇಳಿಸುವವರೆಗೂ ಇಳಿಸಲಿಲ್ಲ. ಹೊರಗೆ ಟ್ಯಾಕ್ಸಿ ಹಾರ್ನ್ ಮಾಡಿತು.

"ಹೋಟೆಲ್," ಎಂದಳು ಮರೈಕೆ, ಏಳುತ್ತ. "ನಿಮಗೆ ತೊಂದರೆ ಬೇಡ ಅಂತ."

"ಹೋಟೆಲ್ಲಾ?" ನಾಜಿಯೆ ಅತ್ತೆ ರೆಫಿಕಾಳ ಕಡೆ ತಿರುಗಿದರು. "ವೆದಾತನ ಹೆಂಡ್ತಿ ಹೋಟೆಲಲ್ಲಿ ಮಲಗ್ತಾಳೇನೆ?"

ಯಾರೂ ಅವಳನ್ನು ಇರು ಎಂದಿರಲಿಲ್ಲ. ಬರುತ್ತೇನೆಂದು ಫೋನ್ ಮಾಡಿದ್ದಾಗ ರೆಫಿಕಾ 'ಸರಿ' ಎಂದಷ್ಟೇ ಹೇಳಿದ್ದಳು. ಆ ಒಂದು ಪದದಲ್ಲಿ ಏನಿತ್ತೆಂದು ಈಗ ಅವಳಿಗೇ ಕೇಳಿಸಿತು.

ಹೆಂಗಸರೆಲ್ಲ ಬೀಳ್ಕೊಡಲು ಬಾಗಿಲಿಗೆ ಬಂದರು. ಹೊಸಿಲಿನಾಚೆ ಅತಿಥಿಗಳ ಚಪ್ಪಲಿ, ಶೂಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ನಡುವೆ ಮರೈಕೆಯ ಕಂದು ಬಣ್ಣದ ಶೂ ಗುರುತು ಹಚ್ಚುವುದು ಕಷ್ಟವಾಗಿರಲಿಲ್ಲ. ಒಂದರ ಅಡಿ ಇನ್ನೊಂದಕ್ಕಿಂತ ದಪ್ಪ. ಎರಡರ ಅಂಚಿಗೂ ಕೆಂಪು ಮಣ್ಣು. ಬಸ್ಸಿಳಿದವಳು ಮನೆಗಿಂತ ಮೊದಲು ಗೋರಿಗೆ ಹೋಗಿಬಂದಿದ್ದಳು.

ಮರೈಕೆ ಗೋಡೆ ಹಿಡಿದು ಬಗ್ಗಲು ನೋಡಿದಳು. ಅಷ್ಟರಲ್ಲಿ ರೆಫಿಕಾ ಅವಳನ್ನು ದಾಟಿಕೊಂಡು ಹೋಗಿ ಹೊಸಿಲ ಮೇಲೆ ಮಂಡಿಯೂರಿದಳು.

"ಅಕ್ಕಾ!" ಎಂದಳು ಮೆಲಾಹತ್.

ಅತಿಥಿಯ ಶೂ ಮುಟ್ಟುವುದು ಮನೆಯ ಅತಿ ಕಿರಿಯ ಸೊಸೆಯ ಕೆಲಸ. ತನಗೆ ತೊಡಿಸಲು ಕೂತಿದ್ದಾಳೆಂದುಕೊಂಡು ಮರೈಕೆ ನಾಚಿಕೆಯಿಂದ, "ಬೇಡ ಬೇಡ, ನಾನೇ," ಎಂದು ಹೇಳುತ್ತಲೇ ಕಾಲು ಮುಂದೆ ಮಾಡಿದಳು. ರೆಫಿಕಾ ಶೂ ಎರಡನ್ನೂ ಎತ್ತಿಕೊಂಡು ಒಳಕ್ಕೆ ತಿರುಗಿದಳು.

ಬಾಗಿಲ ಪಕ್ಕದ ಗಿಡ್ಡ ಕಪಾಟು ಮನೆಯವರು ತಮ್ಮ ಚಪ್ಪಲಿ, ಶೂ ಇಡುವುದಕ್ಕೆ. ವೆದಾತ್ ಬೇಸಿಗೆಗೆಂದು ಬಿಟ್ಟುಹೋಗುತ್ತಿದ್ದ ಜೋಡು ಮೇಲಿನ ಅರೆಯಲ್ಲಿರುತ್ತಿತ್ತು. ಅವನನ್ನು ಮಣ್ಣು ಮಾಡಿದ ದಿನ ಅದನ್ನು ವಾಡಿಕೆಯಂತೆ ಬಾಗಿಲಾಚೆ ಇಟ್ಟಿದ್ದರು. ಸಂಜೆಯೊಳಗೆ ಯಾರೋ ಇಲ್ಲದವರು ತೆಗೆದುಕೊಂಡು ಹೋಗಿದ್ದರು. ಆ ಜಾಗ ಇನ್ನೂ ಖಾಲಿಯೇ ಇತ್ತು.

"ಟ್ಯಾಕ್ಸಿಯವನನ್ನ ಕಳಿಸ್ರೇ ಯಾರಾದ್ರೂ," ಎಂದರು ನಾಜಿಯೆ ಅತ್ತೆ. "ಹಬ್ಬದ ದಿನ ಅವನಿಗೂ ಹೆಂಡ್ತಿ ಮಕ್ಕಳಿರ್ತಾರೆ."

ಮರೈಕೆ ಬರಿಗಾಲನ್ನು ಹೊಸಿಲಿನ ಮೇಲಿಟ್ಟುಕೊಂಡು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು, ಯಾರಾದರೂ ತಿಳಿಸಿ ಹೇಳುತ್ತಾರೇನೋ ಎಂದು. ರೆಫಿಕಾ ಕಪಾಟಿನ ಮುಂದೆ ಮಂಡಿಯೂರಿದ್ದಲ್ಲಿಂದ ಏಳಲಿಲ್ಲ. ಶೂಗಳನ್ನು ಆ ಖಾಲಿ ಜಾಗದಲ್ಲಿ ಜೋಡಿಸಿ ಆಗಿತ್ತು. ಆದರೂ ಬೆನ್ನು ತಿರುಗಿಸಿಕೊಂಡೇ, ಒಂದನ್ನು ಇನ್ನೊಂದರ ಪಕ್ಕಕ್ಕೆ ಮತ್ತೆ ಮತ್ತೆ ಸರಿಪಡಿಸುತ್ತಿದ್ದಳು. ಒಣಗಿದ ಮಣ್ಣು ಅವಳ ಕೈಮೇಲೆ ಪುಡಿಪುಡಿಯಾಗಿ ಉದುರುತ್ತಿತ್ತು.