ಅಂಟು ಹಾಕದ ಆಸ್ಪತ್ರೆ

ಕಟ್ಟಡ ವಿನ್ಯಾಸದ ಆ ಕಚೇರಿ ಅತ್ತೆಯದು. ಅತ್ತೆ ಎಳೆದ ಗೆರೆಗಳಿಗೆ ಮೂರು ವರ್ಷ ಅಳತೆ ಬರೆದು ಬರೆದು ಸೊಸೆಗೆ ಸಾಕುಸಾಕಾಗಿತ್ತು. ಕೊನೆಗೊಮ್ಮೆ ಹಟ ಹಿಡಿದು ಮಕ್ಕಳ ಆಸ್ಪತ್ರೆಯ ಕೆಲಸ ತನಗೇ ಬೇಕೆಂದಾಗ ಅತ್ತೆ ಷರತ್ತು ಹಾಕಿದ್ದರು: "ಆಸ್ಪತ್ರೆಯವರು ಒಪ್ಪಿದ್ರೆ ಕೆಲಸ ಪೂರ್ತಿ ನಿಂದು. ಇಲ್ದಿದ್ರೆ ನನ್ನ ನಕ್ಷೆ ತೋರಿಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರ್ದು."

ಸೊಸೆ ನಕ್ಷೆ ಎಳೆದಿರಲೇ ಇಲ್ಲ. ಒಂದೊಂದು ವಿಭಾಗಕ್ಕೂ ಎಷ್ಟು ಜಾಗ ಬೇಕೋ ಅಷ್ಟೇ ಗಾತ್ರದ ಥರ್ಮಾಕೋಲ್ ತುಂಡುಗಳನ್ನು ಕತ್ತರಿಸಿ, ರಸ್ತೆ ಗುರುತು ಮಾಡಿದ ಹಲಗೆಯ ಮೇಲೆ ಜೋಡಿಸಿದ್ದಳು. ಕಿಟಕಿಯಿಲ್ಲ, ಬಾಗಿಲಿಲ್ಲ, ಬಣ್ಣವಿಲ್ಲ. ಮೊದಲು ಕಟ್ಟಡದ ಮೈಕಟ್ಟು ಗೊತ್ತಾಗಲಿ, ಸಿಂಗಾರ ಆಮೇಲೆ ಎನ್ನುವುದು ಅವಳ ವಾದ. ಕೊನೇ ಗಳಿಗೆಯವರೆಗೂ ಇದನ್ನು ಇತ್ತ ಸರಿಸಿ, ಅದನ್ನು ಮೇಲೇರಿಸಿ ನೋಡುತ್ತಲೇ ಇದ್ದಳು. ಆ ಸಡಗರದಲ್ಲಿ ಅಂಟು ಹಾಕುವುದೇ ಮರೆತುಹೋಯಿತು.

ಹನ್ನೊಂದಕ್ಕೆ ಆಸ್ಪತ್ರೆಯ ದೊಡ್ಡ ಡಾಕ್ಟರೂ ಹಿರಿಯ ನರ್ಸಮ್ಮನೂ ಬಂದರು. ಡಾಕ್ಟರು ಬಗ್ಗಿ ನೋಡಿದ್ದೇ ತಡ, ಅವರ ಕೋಟಿನ ತೋಳು ತಗುಲಿ ಮುಕ್ಕಾಲು ಆಸ್ಪತ್ರೆ ಚೆಲ್ಲಾಪಿಲ್ಲಿ! ಆಪರೇಷನ್ ಥಿಯೇಟರು ಮೇಜಿನಡಿಗೆ ಉರುಳಿತು. ಅತ್ತೆಯ ಕೈ ಆಗಲೇ ತಮ್ಮ ನಕ್ಷೆಯ ಸುರುಳಿಯತ್ತ ಹೋಗಿತ್ತು.

"ಅಯ್ಯೋ, ಇವು ಬಿಡಿಬಿಡಿಯಾಗಿ ಬರ್ತಾವಾ?" ನರ್ಸಮ್ಮ ಒಂದು ತುಂಡು ಎತ್ತಿಕೊಂಡರು. "ಇದ್ಯಾವ್ದಮ್ಮಾ?"

"ಹಸುಗೂಸುಗಳ ವಾರ್ಡು, ರಸ್ತೆ ಪಕ್ಕದ್ದು," ಸೊಸೆ ಉಳಿದ ತುಂಡುಗಳನ್ನು ಬಾಚಿಕೊಳ್ಳುತ್ತ ಹೇಳಿದಳು.

"ಮತ್ತೆ ರಸ್ತೆ ಪಕ್ಕ ಯಾಕಿಟ್ಟಿದ್ದೆ? ಆ ಗದ್ದಲದಲ್ಲಿ ಕೂಸುಗಳು ಕಣ್ಣು ಮುಚ್ತಾವಾ?" ನರ್ಸಮ್ಮ ವಾರ್ಡನ್ನು ಹಿಂದಕ್ಕೆ ಒಯ್ದು ಡಾಕ್ಟರುಗಳ ಕೋಣೆಗಳ ಮಗ್ಗುಲಲ್ಲಿಟ್ಟರು.

ಸೊಸೆಗೆ ಒಮ್ಮೆಲೇ ಹುರುಪು ಬಂತು. ಫೋನಿನ ಟಾರ್ಚು ಹೊತ್ತಿಸಿ ಪೂರ್ವದಿಕ್ಕಿನಿಂದ ಹಿಡಿದಳು. "ಇದು ಬೆಳಗಿನ ಸೂರ್ಯ. ಈಗ ಡಾಕ್ಟರುಗಳ ಕೋಣೆಗಳ ನೆರಳು ನೋಡಿ." ಆ ಮೂರಂತಸ್ತಿನ ನೆರಳು ಕೂಸುಗಳ ವಾರ್ಡನ್ನು ಪೂರಾ ನುಂಗಿಹಾಕಿತ್ತು.

"ಕೂಸುಗಳಿಗೆ ಎಳೆಬಿಸಿಲು ಬೇಕೇ ಬೇಕು!" ನರ್ಸಮ್ಮ ಡಾಕ್ಟರನ್ನು ದುರುಗುಟ್ಟಿ ನೋಡಿದರು. "ನಿಮ್ಮ ಕೋಣೆಗಳನ್ನ ತೆಗೀರಿ ಸಾರ್."

ದೊಡ್ಡ ಡಾಕ್ಟರು ತಮ್ಮ ಕೋಣೆಗಳನ್ನು ತಾವೇ ಎತ್ತಿ ರಸ್ತೆಯ ಕಡೆಗಿಟ್ಟರು. ವಾರ್ಡಿನ ಮೇಲೆ ಬೆಳಕು ಬಿತ್ತು. ಸೊಸೆಗೆ ಕುಣಿಯಬೇಕೆನಿಸಿತು.

ಆಮೇಲೆ ಅವರನ್ನು ಹಿಡಿಯುವವರು ಯಾರು? "ಔಷಧದಂಗಡಿ ಇಲ್ಲಿ!" "ಬೇಡ, ಆಂಬುಲೆನ್ಸ್ ತಿರುಗೋಕೆ ಜಾಗ ಬಿಡಿ!" ಡಾಕ್ಟರು ಕೋಟು ಬಿಚ್ಚಿ ಕುರ್ಚಿಗೆ ಎಸೆದಿದ್ದರು. ಸೊಸೆ ಹೊಸ ತುಂಡು ಕತ್ತರಿಸಿ ಕೊಡುವಷ್ಟರಲ್ಲಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ಅತ್ತೆ ನೆಲಕ್ಕೆ ಮಂಡಿಯೂರಿ ಮೇಜಿನಡಿ ಆಪರೇಷನ್ ಥಿಯೇಟರು ಹುಡುಕುತ್ತಿದ್ದರು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಆಸ್ಪತ್ರೆ ಎದ್ದು ನಿಂತಿತು. ಅದು ಸೊಸೆ ಬೆಳಿಗ್ಗೆ ಜೋಡಿಸಿದ್ದಕ್ಕಿಂತ ಎಷ್ಟೋ ಪಾಲು ಚೆನ್ನಾಗಿತ್ತು.

"ಇದೇ ಇರ್ಲಿ. ಮುಂದಿನ ಕೆಲಸ ಯಾವಾಗ ಶುರು ಮಾಡ್ತೀರಿ ಮೇಡಂ?" ಡಾಕ್ಟರು ಅತ್ತೆಯನ್ನು ಕೇಳಿದರು.

ಅತ್ತೆ ಕೈ ಕೊಡವಿಕೊಂಡರು. "ನನ್ನನ್ನ ಯಾಕೆ ಕೇಳ್ತೀರಿ? ಈ ಕಟ್ಟಡ ಅವಳದು."

ಸೊಸೆ ಆಗಲೇ ಅಂಟಿನ ಡಬ್ಬಿಗೆ ಕೈ ಹಾಕಿದ್ದಳು.

"ಈಗಲೇ ಶುರು ಅಂತಿದ್ದಾಳೆ ಸಾರ್," ಎಂದರು ನರ್ಸಮ್ಮ. "ಮುಖ ನೋಡಿದ್ರೆ ಗೊತ್ತಾಗಲ್ವಾ?"