ಎಪ್ಪತ್ತು ಗ್ರೇನ್ ಕಡಿಮೆ

ಎಲ್ಡನ್ ಹಿಡಿದ ಮೊಲಕ್ಕೆ ಮೂರೇ ಕಾಲು. ನಮ್ಮ ಕಣಿವೆಯಲ್ಲಿ ಇದು ಎಲ್ಲರಿಗೂ ಗೊತ್ತು, ನನಗಂತೂ ಐವತ್ತು ವರ್ಷದಿಂದ ಗೊತ್ತು. ದೊಡ್ಡ ರಿವಾಲ್ವರಿಗೆ ಗುಂಡು ಎಂದರೆ ಮುನ್ನೂರ ಮೂವತ್ತೈದು ಗ್ರೇನ್ ತೂಕದ್ದು, ಅಗಲ ಚಪ್ಪಟೆ ಮೂತಿಯದು, ಮನೆಯಲ್ಲೇ ಎರಕ ಹೊಯ್ದದ್ದು. ಮಿಕ್ಕಿದ್ದೆಲ್ಲ ಮಕ್ಕಳಾಟ ಎಂಬುದು ಅವನ ಮತ.

ಅವನದೇ ಇನ್ನೊಂದು ನಿಯಮವೂ ಇತ್ತು. ಪ್ರತಿ ಸೆಪ್ಟೆಂಬರಿನಲ್ಲಿ ನಾವು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಕೆಟಲ್ ಹೊಳೆಯ ಮೇಲಿನ ಬೆಟ್ಟದ ಬಿಡಾರಕ್ಕೆ ಹೋಗುತ್ತೇವೆ. ಅಲ್ಲಿ ಗ್ರಿಜ್ಲಿ ಕರಡಿಗಳ ಕಾಟ. ಹೊರಡುವ ಮುಂಚೆ ಪ್ರತಿಯೊಬ್ಬನೂ ನನ್ನ ಶೆಡ್ಡಿನ ಹಿಂದೆ ಮಣ್ಣಿನ ದಿಬ್ಬಕ್ಕೆ ಸಿಕ್ಕಿಸಿದ ಕಾಗದದ ತಟ್ಟೆಗೆ, ಹದಿನೈದು ಹೆಜ್ಜೆ ದೂರದಿಂದ, ಐದು ಎಣಿಸುವುದರೊಳಗೆ ಮೂರು ಗುಂಡು ಹೊಡೆಯಬೇಕು. ಮೂರೂ ತಟ್ಟೆಗೆ ಬೀಳದಿದ್ದರೆ ಅವನಿಗೆ ಬೆಟ್ಟವಿಲ್ಲ. ಕರಡಿ ಮೈಮೇಲೆ ಬಂದಾಗ ಪಕ್ಕದವನ ಪ್ರಾಣ ಇವನ ಕೈಯಲ್ಲಿರುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿರಲಿಲ್ಲ.

ಆಗ ನಾವು ಮೂವರು. ಮೂರನೆಯವನು ಹೋಬಾರ್ಟ್, ನಮ್ಮ ಅಡುಗೆಯವನು. ಕಬ್ಬಿಣದ ಮಡಕೆಯನ್ನು ಕೆಂಡದಲ್ಲಿ ಹೂತು ಅವನು ಬೇಯಿಸುತ್ತಿದ್ದ ರೊಟ್ಟಿ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹತ್ತು ವರ್ಷದ ಹಿಂದೆ ಅವನ ಹೆಬ್ಬೆರಳ ಕೀಲು ಊದಿಕೊಂಡಿತು. ಎಲ್ಡನ್‌ನ ಭಾರದ ಗುಂಡು ಒದೆಯುವ ಹೊಡೆತಕ್ಕೆ ಕೈ ಮೇಲಕ್ಕೆ ಹಾರಿ, ಮೂರರಲ್ಲಿ ಒಂದೇ ತಟ್ಟೆಗೆ ಬಿತ್ತು. ಸ್ವಲ್ಪ ಹಗುರದ್ದು ಕೊಡಿ, ಹೊಡೆಯುತ್ತೇನೆ ಎಂದು ಅವನು ಕೇಳಿದ.

"ಕರಡಿಗೆ ಮೊಲದ ಗುಂಡು ಹೊಡೀತೀಯೇನೋ?" ಅಂದ ಎಲ್ಡನ್.

ಹೋಬಾರ್ಟ್ ನನ್ನ ಮುಖ ನೋಡಿದ. ನಾನು ಸೀಸ ಕರಗಿಸುವ ಪಾತ್ರೆಯೊಳಗೆ ನೋಡಿದೆ. ಅವನು ತನ್ನ ಚೀಲ ಎತ್ತಿಕೊಂಡು ಹೋದವನು ಮತ್ತೆ ನನ್ನ ಅಂಗಳಕ್ಕೆ ಕಾಲಿಡಲಿಲ್ಲ.

ಈ ವರ್ಷ ಅದೇ ಪಾಳಿ ಎಲ್ಡನ್‌ಗೆ ಬಂತು. ಎಪ್ಪತ್ತೊಂದು ವಯಸ್ಸು, ಮಣಿಕಟ್ಟು ಸೋತಿದೆ. ಎರಡು ಚಳಿಗಾಲದಿಂದ ಅವನ ತೋಟಾಗಳನ್ನೂ ನಾನೇ ತುಂಬುತ್ತಿದ್ದೇನೆ. ಆಗಸ್ಟಿನಲ್ಲಿ ಅಭ್ಯಾಸಕ್ಕೆ ಬಂದವನು ಮೂರರಲ್ಲಿ ಒಂದು ಹೊಡೆದು, ಗಾಳಿ ಜಾಸ್ತಿ ಅಂದ. ಅವತ್ತು ಹುಲ್ಲುಕಡ್ಡಿ ಕೂಡ ಅಲ್ಲಾಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಸೋತರೆ ತನ್ನ ನಿಯಮಕ್ಕೆ ತಾನೇ ತಲೆಬಾಗಿ ಮನೆಯಲ್ಲಿ ಕೂರುವ ಜಾತಿ ಅವನು. ಹೆಂಡತಿ ಹೋದ ಮೇಲೆ ಅವನಿಗೆ ಉಳಿದಿದ್ದದ್ದೇ ಆ ಬೆಟ್ಟ. ಅದೂ ತಪ್ಪಿದರೆ ಚಳಿಗಾಲ ಕಳೆಯುವ ಮೊದಲೇ ಅವನು ಕುಸಿಯುತ್ತಾನೆಂದು ನನಗೆ ನಿಜಕ್ಕೂ ಭಯವಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುಂಡು ಎರಕ ಹೊಯ್ಯುವ ನನ್ನ ಅಚ್ಚುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಉರುಟು ಮೂತಿಯದನ್ನು ಮೊದಲೇ ಬದಿಗಿಟ್ಟೆ. ಅದು ಮಾಂಸದೊಳಗೆ ನುಸುಳಿ ಹೋಗುತ್ತದೆಯೇ ಹೊರತು ದೊಡ್ಡ ಗಾಯ ಮಾಡುವುದಿಲ್ಲ. ಮೂತಿಯ ಬುಡದಲ್ಲಿ ಮೆಟ್ಟಿಲಿನಂಥ ಅಂಚಿರುವ ಗುಂಡು ಕಾಗದದಲ್ಲಿ ಕತ್ತರಿಸಿದಂಥ ಅಂದವಾದ ತೂತು ಮಾಡುತ್ತದೆ, ಗುರಿಯೂ ಚೆನ್ನ. ಆದರೆ ಅದರ ಮೂತಿ ಕಿರಿದು, ಎಲ್ಡನ್ ನೋಡಿದೊಡನೆ ಹಿಡಿಯುತ್ತಾನೆ. ಮೂರನೆಯದು ಇನ್ನೂರ ಅರವತ್ತೈದು ಗ್ರೇನಿನದು. ಮೂತಿ ಎಲ್ಡನ್‌ನ ಗುಂಡಿನಷ್ಟೇ ಅಗಲ, ಅಷ್ಟೇ ಚಪ್ಪಟೆ. ಗಿಡ್ಡವಾಗಿರುವುದು ತೋಟಾದ ಹಿತ್ತಾಳೆ ಕೊಳವೆಯೊಳಗೆ ಅಡಗುವ ಭಾಗ ಮಾತ್ರ.

ಸೀಸಕ್ಕೆ ತವರ ಬೆರೆಸಿ ಹೊಯ್ದೆ. ಗುಂಡಿನ ಸುತ್ತಲ ಗೀರಿಗೆ ಜೇನುಮೇಣ ತುಂಬಿದೆ. ಈ ತೂಕಕ್ಕೆ ತಕ್ಕ ಮದ್ದನ್ನು ಅಳೆದು ಹಾಕಿದೆ. ನೆನೆಸಿದ ಪತ್ರಿಕೆಗಳ ಕಟ್ಟಿಗೆ ಹೊಡೆದು ನೋಡಿದರೆ ಇಪ್ಪತ್ನಾಲ್ಕು ಇಂಚು ತೂರಿತ್ತು. ಎಲ್ಡನ್‌ನದು ಮೂವತ್ತು ದಾಟುತ್ತದೆ, ನಿಜ. ಕರಡಿಯ ಎದೆಗೆ ಇಪ್ಪತ್ನಾಲ್ಕು ಸಾಕು, ಗುರಿಗೆ ಬಿದ್ದರೆ. ಗುರಿ ತಪ್ಪಿದರೆ ಮೂವತ್ತು ಇಂಚು ಕಟ್ಟಿಕೊಂಡು ಏನು ಮಾಡುವುದು?

ಭಾನುವಾರ ಎಲ್ಡನ್ ಪರೀಕ್ಷೆಗೆ ಬಂದ. ಏನೂ ಹೇಳದೆ ಆ ಹಗುರ ತೋಟಾಗಳನ್ನೇ ಅವನ ಕೈಗಿಟ್ಟೆ. ನಾನು ಎಣಿಸಿದೆ. ನಾಲ್ಕು ಅನ್ನುವುದರೊಳಗೆ ಮೂರೂ ಹಾರಿದವು, ಮೂರೂ ತಟ್ಟೆಯಲ್ಲಿದ್ದವು. ಹೋಗಿ ಬೆನ್ನು ತಟ್ಟಿದೆ. ಅವನು ನಗಲಿಲ್ಲ. ಕೈ ತಿರುಗಿಸಿ ಮಣಿಕಟ್ಟನ್ನು ನೋಡಿಕೊಂಡ. ತಟ್ಟೆಯ ಹತ್ತಿರ ಹೋಗಿ ನಡುವಿನಿಂದ ತೂತುಗಳವರೆಗೆ ಬೆರಳಿಟ್ಟು ಅಳೆದ. ಮೂರೂ ಎರಡು ಬೆರಳು ಕೆಳಗಿದ್ದವು. ಒದೆತ ಕಡಿಮೆಯಾಗಿ ನಳಿಗೆ ಅಷ್ಟು ಮೇಲೇಳದ್ದರಿಂದ ರಿವಾಲ್ವರಿನಲ್ಲಿ ಹಗುರ ಗುಂಡು ಕೆಳಗೆ ಬೀಳುತ್ತದೆ, ಅದನ್ನು ನನಗೆ ಕಲಿಸಿದವನೇ ಅವನು.

ಮತ್ತೆ ಕರಗಿಸಲೆಂದು ದಿಬ್ಬದಿಂದ ಸೀಸ ಅಗೆಯುವುದು ನಮ್ಮ ವಾಡಿಕೆ. ಅವನು ಚಮಚದಿಂದ ಅಗೆದು ಒಂದು ಗುಂಡು ತೆಗೆದ, ಶೆಡ್ಡಿಗೆ ತಂದು ತಕ್ಕಡಿಯಲ್ಲಿಟ್ಟ. ನಾನು ಕುಂಬಳಕಾಯಿ ಕಳ್ಳನ ಹಾಗೆ ನಿಂತಿದ್ದೆ. ಬೈಗುಳ ಬರಲಿಲ್ಲ.

"ಈ ಅಚ್ಚು ಯಾವಾಗಿಂದ ಐತೆ ನಿನ್ ಹತ್ರ?" ಅಂದ.

"ಹನ್ನೆರಡು ವರ್ಷ ಆಯ್ತು."

"ಅಂದ್ರೆ ಹೋಬಾರ್ಟ್ ಕೇಳ್ದಾಗ್ಲೂ ಇತ್ತು."

"ಇತ್ತು."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

ನಿನಗೆ ಹೆದರಿ ಅಂದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಎಲ್ಡನ್‌ನ ಸ್ನೇಹ ಕಳೆದುಕೊಳ್ಳುವಷ್ಟು ಹೋಬಾರ್ಟ್ ನನಗೆ ಮುಖ್ಯನಾಗಿರಲಿಲ್ಲ. ಅದನ್ನು ಹೇಳಲು ನಾಚಿಕೆಯಾಯಿತು.

ಎಲ್ಡನ್ ಉಳಿದ ತೋಟಾಗಳ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಟ್ರಕ್ ಹತ್ತಿದ. "ನೀನೂ ಹತ್ತು," ಅಂದ. "ನನ್ನೊಬ್ಬನ್ನೇ ನೋಡಿದ್ರೆ ಅವ್ನು ಬಾಗ್ಲು ತೆಗೆಯಲ್ಲ."

ಹೋಬಾರ್ಟ್ ಬಾಗಿಲು ತೆಗೆದ. ಒಳಗೆ ಕರೆಯಲಿಲ್ಲ. ಎಲ್ಡನ್ ಡಬ್ಬಿ ಮುಂದೆ ಹಿಡಿದು, ಇದರಲ್ಲಿ ನಾನೇ ಇವತ್ತು ಹೊಡೆದೆ, ಅವತ್ತು ನಾನಂದದ್ದು ತಪ್ಪು ಎಂದ. ಆ ಬಾಯಲ್ಲಿ ತಪ್ಪು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಹೋಬಾರ್ಟ್ ಒಂದು ತೋಟಾ ತೆಗೆಯಲು ಹೋದ. ಹೆಬ್ಬೆರಳು ಮಡಚಲಿಲ್ಲ. ತೋಟಾ ಜಾರಿ ನೆಲಕ್ಕೆ ಬಿತ್ತು. ನಾನು ಎತ್ತಿ ಕೊಟ್ಟೆ. ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಇನ್ನು ಆ ಕೈ ಯಾವ ಗುಂಡನ್ನೂ ಹೊಡೆಯಲಾರದು, ಎಷ್ಟು ಗ್ರೇನಿನದಾದರೂ.

"ಎರಕ ಚೆನ್ನಾಗಿ ಬಂದೈತೆ ಡೆಲ್," ಅಂದ ನನಗೆ. "ಹತ್ತು ವರ್ಷದ ಹಿಂದೆ ಕೊಟ್ಟಿದ್ರೆ ಹೊಡೀತಿದ್ದೆ."

ಎಲ್ಡನ್ ನೆಲ ನೋಡುತ್ತಾ, ಅಡುಗೆಯವನಿಗೆ ಪರೀಕ್ಷೆ ಇಲ್ಲ ಅಂದ. ಈ ಕೈಯಲ್ಲಿ ಹಿಟ್ಟು ನಾದಕ್ಕಾಗಲ್ಲ ಎಂದ ಹೋಬಾರ್ಟ್.

"ಡೆಲ್ ನಾದ್ತಾನೆ," ಅಂದ ಎಲ್ಡನ್. "ನೀನು ಕೂತ್ಕೊಂಡು ಬಯ್ಯಿ."

ಹೋಬಾರ್ಟ್ ತುಂಬ ಹೊತ್ತು ನನ್ನನ್ನೇ ನೋಡಿದ. ಈ ಸಲ ನಾನು ಮುಖ ತಿರುಗಿಸಲಿಲ್ಲ. ಅವನು ತೋಟಾವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕಬ್ಬಿಣದ ಮಡಕೆ ಹಿಂದಿನ ಶೆಡ್ಡಿನಲ್ಲಿದೆ, ತುಕ್ಕು ಹಿಡಿದಿರುತ್ತದೆ, ಹೋಗಿ ಉಜ್ಜು ಎಂದು ನನಗೆ ಹೇಳಿದ.